ಬೂದಿಕೋಟೆ ನರ್ಸಮ್ಮನ ಮೋಟರ್‌ಸೈಕಲ್ಲು

"ಅಣ್ಣಾ... ನಿಲ್ಸೋದು ಹೆಂಗೋ? ಇದನ್ನ ನಿಲ್ಸೋದು ಹೆಂಗೆ!"

ಬಂಗಾರಪೇಟೆಯ ಸಂತೆ ಮೈದಾನದಲ್ಲಿ ಮೋಟರ್‌ಸೈಕಲ್ಲು ಏಳನೇ ಸುತ್ತು ಹಾಕುತ್ತಿತ್ತು. ಅದರ ಮೇಲೆ ಸೀರೆಗೆ ಕಚ್ಚೆ ಹಾಕಿ ಕೂತಿದ್ದವಳು ಗಂಗರತ್ನಮ್ಮ. ಬೂದಿಕೋಟೆಯ ಹೆರಿಗೆ ನರ್ಸು. ವಯಸ್ಸು ಮೂವತ್ತೆಂಟು!

ಅವಳ ಅಣ್ಣ ಬಚ್ಚಪ್ಪ ಮೈದಾನದ ಮಧ್ಯೆ ನಿಂತು, ಗಾಡಿ ತಿರುಗಿದ ಕಡೆಗೆಲ್ಲ ತಾನೂ ತಿರುಗುತ್ತಿದ್ದ.

"ನಂಗೇನೇ ಗೊತ್ತು ರತ್ನೀ! ನಾನು ಸ್ಟಾರ್ಟ್ ಮಾಡೋದು ಮಾತ್ರ ಕಲ್ತ್ಕೊಂಡ್ ಬಂದಿದ್ದು! ನೀನು ಎಂಗೋ ಇಳ್ಕೊಂಬಿಡು!"

"ಓಡೋ ಗಾಡಿಯಿಂದಾ? ನಿನ್ನ ತಲೆ!"

ಎಂಟನೇ ಸುತ್ತು. ಹುಣಸೆಹಣ್ಣು ಬಿಡಿಸುತ್ತಿದ್ದ ಹೆಂಗಸರು ಮೊರಗಳನ್ನು ಎತ್ತಿಕೊಂಡು ಓಡಿದರು. ಮೇಕೆಗಳು ಚೆಲ್ಲಾಪಿಲ್ಲಿಯಾದವು. ಗಂಗರತ್ನಮ್ಮನ ಬಲಗೈ ಹ್ಯಾಂಡಲ್ಲನ್ನು ಬಿಗಿಯಾಗಿ ತಿರುಚಿ ಹಿಡಿದಿತ್ತು. ಹೆದರಿದಷ್ಟೂ ಹಿಡಿತ ಬಿಗಿಯಾಗುತ್ತಿತ್ತು, ಹಿಡಿತ ಬಿಗಿಯಾದಷ್ಟೂ ಗಾಡಿ ಜೋರಾಗುತ್ತಿತ್ತು.

'ದೇವರೇ, ಪೆಟ್ರೋಲ್ ಮುಗಿಯೋ ತನಕ ಹಿಂಗೇ ಸುತ್ತಬೇಕಾ ನಾನು?'

ಆಗ ರೈಲ್ವೆ ಸ್ಟೇಷನ್ ಕಡೆಯಿಂದ ಒಬ್ಬ ಗಂಡಸು ಬಂದ. ಎತ್ತರದ ಆಳು, ಬಿಳಿ ಷರ್ಟು, ಕಿವಿಯ ಹತ್ತಿರ ನರೆತ ಕೂದಲು. ಒಂದು ಕ್ಷಣ ನಿಂತು ನೋಡಿದ. ಚಪ್ಪಲಿ ಕಳಚಿದ. ಗಾಡಿ ತನ್ನ ಹತ್ತಿರ ಬರುವವರೆಗೂ ಕಾದು, ಅದರ ಪಕ್ಕದಲ್ಲೇ ಓಡತೊಡಗಿದ.

"ಬಲಗೈ ಸಡಿಲ ಬಿಡಿ."

ಅವನು ಕೂಗಲಿಲ್ಲ. ಅನ್ನ ಬಡಿಸಿ ಅನ್ನುವಷ್ಟು ಸಮಾಧಾನವಾಗಿ ಹೇಳಿದ. ಅದೇನು ಮಾಯವೋ, ಅಷ್ಟು ಹೊತ್ತು ಯಾರ ಮಾತೂ ಕೇಳದ ಅವಳ ಬಲಗೈ ಸಡಿಲವಾಯಿತು! ಅವನ ಕೈ ಅವಳ ಎಡಗೈ ಮೇಲೆ ಬಿದ್ದು, ಬೆರಳುಗಳ ಸಮೇತ ಕ್ಲಚ್ಚನ್ನು ಒತ್ತಿ ಹಿಡಿಯಿತು. ಗಾಡಿ ಗುರ್ರೆಂದು, ಕೆಮ್ಮಿ, ನಿಂತಿತು.

ಅವನ ಕೈ ಮಾತ್ರ ಇನ್ನೂ ಅವಳ ಕೈ ಮೇಲೇ ಇತ್ತು...

ಅವನಿಗೂ ಅದು ಆಗಲೇ ಗೊತ್ತಾಗಿರಬೇಕು. ಥಟ್ಟನೆ ಕೈ ಎಳೆದುಕೊಂಡ. ಗಂಗರತ್ನಮ್ಮನ ಎದೆ ಡವಡವ ಅನ್ನುತ್ತಿತ್ತು. ಹೆದರಿಕೆಗೆ ಹಾಗಾಯಿತು ಅಂತ ಆಮೇಲೆ ಅಣ್ಣನಿಗೆ ಹೇಳಿದಳು. ಹೆದರಿಕೆಗಂತೆ! ಆಯಿತು, ನಾವೂ ನಂಬೋಣ.

"ಇದು ನನಗೆ ಗೊತ್ತಿರೋ ಗಾಡಿ," ಅಂದ ಅವನು, ಟ್ಯಾಂಕನ್ನು ತಟ್ಟುತ್ತಾ. ಅವನ ಕನ್ನಡದಲ್ಲಿ ತಮಿಳಿನ ಎಳೆತ ಇತ್ತು. "ನಮ್ಮ ಮೈನ್ಸ್ ದೊರೆಯದು. ಐದು ವರ್ಷ ನಾನೇ ರಿಪೇರಿ ಮಾಡಿದೀನಿ. ನಿಮ್ಮ ಹತ್ರ ಹೇಗೆ ಬಂತಮ್ಮಾ?"

ಬಂದದ್ದು ಹೀಗೆ. ಆ ದೊರೆಯ ಹೆಂಡತಿಗೆ ಬೂದಿಕೋಟೆ ರಸ್ತೆಯಲ್ಲಿ, ಕಾರಿನೊಳಗೇ ನೋವು ಶುರುವಾಗಿತ್ತು. ಗಂಗರತ್ನಮ್ಮ ಅಲ್ಲೇ, ಹೊಲದ ಬದುವಿನ ಪಕ್ಕದಲ್ಲೇ ಹೆರಿಗೆ ಮಾಡಿಸಿದ್ದಳು. ಐವತ್ತೇಳನೇ ಇಸವಿಯಲ್ಲಿ ದೊರೆ ಇಂಗ್ಲೆಂಡಿಗೆ ವಾಪಸ್ ಹೊರಟಾಗ, ಏನು ಬೇಕಮ್ಮಾ ಅಂತ ಕೇಳಿದ. ಅವಳು ಸೀದಾ ಗಾಡಿಗೆ ಬೆರಳು ತೋರಿಸಿದಳು!

ಅವಳಿಗದು ಹುಚ್ಚಾಟವಲ್ಲ. ಹಿಂದಿನ ತಿಂಗಳು ಎತ್ತಿನ ಗಾಡಿಯಲ್ಲಿ ಹೋಗಿ ಸೇರುವಷ್ಟರಲ್ಲಿ ಒಬ್ಬ ಬಾಣಂತಿ ಕಣ್ಣು ಮುಚ್ಚಿದ್ದಳು. ಅವತ್ತಿನಿಂದ ಗಂಗರತ್ನಮ್ಮನಿಗೆ ಊಟ ಸೇರುತ್ತಿರಲಿಲ್ಲ.

ಅವಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಅವನು ಕೇಳಿಸಿಕೊಂಡ. ಚಪ್ಪಲಿ ಹಾಕಿಕೊಂಡ.

"ನನ್ನ ಹೆಸರು ಪೆರುಮಾಳ್. ಕೆ.ಜಿ.ಎಫ್.ನ ಕೋರಮಂಡಲ್‌ನಲ್ಲಿ ಮನೆ. ಗಣೀಲಿ ಡ್ರೈವರು. ತಂಗೀನ ಮದ್ರಾಸ್ ರೈಲು ಹತ್ತಿಸೋಕೆ ಬಂದಿದ್ದೆ." ಒಂದು ಹೆಜ್ಜೆ ಇಟ್ಟವನು ತಿರುಗಿ ನಿಂತ. "ಮುಂದಿನ ಭಾನುವಾರ ಬತ್ತೀನಿ ನರ್ಸಮ್ಮ. ಮೊದಲು ನಿಲ್ಸೋದು ಕಲೀರಿ. ಆಮೇಲೆ ಓಡ್ಸೋದು."

*

ಅವನು ಬಂದ! ಒಂದು ಭಾನುವಾರವಲ್ಲ, ಹನ್ನೊಂದು ಭಾನುವಾರ.

ಊರಿನ ಬಾಯಿ ಸುಮ್ಮನಿರುತ್ತದಾ? "ಈ ವಯಸ್ಸಲ್ಲಿ ನರ್ಸಮ್ಮಂಗೆ ಇದೆಲ್ಲ ಬೇಕಿತ್ತಾ?" ಅಂದರು. "ಎಂಗ್ಸು ಕಾಲಗಲಿಸ್ಕೊಂಡು ಕೂತ್ಕೋಳೋದಾ?" ಅಂದರು. ಹಾಗಂದವರ ಮನೆಗಳಲ್ಲೆಲ್ಲ ಹೆರಿಗೆ ಮಾಡಿಸಿದವಳು ಅವಳೇ. ಅದಕ್ಕೇ ಗಂಗರತ್ನಮ್ಮ ನಗುತ್ತಾ, "ಬರೋ ಸಲ ನಿಮ್ಮ ಸೊಸೆಗೆ ನೋವು ಬಂದಾಗ ಎತ್ತಿನ ಗಾಡೀಲೇ ಬರ್ಲಾ?" ಅನ್ನುತ್ತಿದ್ದಳು. ಆಮೇಲೆ ಯಾರೂ ಉಸಿರೆತ್ತುತ್ತಿರಲಿಲ್ಲ.

ಪೆರುಮಾಳ್ ವಿಚಿತ್ರ ಮನುಷ್ಯ. ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿ ಕೂತರೆ ಬಾಯಿ ತುಂಬಾ ಮಾತು. ಎಂಟು ವರ್ಷದ ಹಿಂದೆ ತೀರಿಕೊಂಡ ಹೆಂಡತಿಯ ವಿಷಯ, ತಾನೇ ಸಾರು ಮಾಡಿ ಸೀಯಿಸಿಕೊಂಡ ವಿಷಯ, ಗಣಿಯ ವಿಷಯ...

"ದಿನಕ್ಕೆ ನಾನೂರು ಜನರನ್ನ ಇಳಿಸ್ತೀನಿ, ಹತ್ತಿಸ್ತೀನಿ ನರ್ಸಮ್ಮ. ಒಂದು ಮೈಲಿ ಆಳ."

ಒಂದು ಮೈಲಿ ಆಳ! ಬಸ್ಸಿನ ಡ್ರೈವರು ಜನರ ಜೊತೆ ಬಸ್ಸಿನಲ್ಲೇ ಇರುವ ಹಾಗೆ, ಇವನೂ ದಿನಾ ಆ ಕತ್ತಲೆಗೆ ಇಳಿಯುತ್ತಾನೆ ಅಂತ ಅವಳು ತಿಳಿದುಕೊಂಡಳು. ಪ್ರತಿ ಭಾನುವಾರ ಅವನು ರೈಲಿಳಿದು ಬರುವುದು ಕಂಡಾಗ, 'ಈ ವಾರವೂ ಮೇಲೆ ಬಂದ, ಸದ್ಯ' ಅಂತ ಅವಳ ಉಸಿರು ಹಗುರಾಗುತ್ತಿತ್ತು.

ಆದರೆ ಇಷ್ಟೆಲ್ಲ ಮಾತಾಡುವ ಮನುಷ್ಯ, ಅವಳು ಗಾಡಿ ಹತ್ತಿ ಹ್ಯಾಂಡಲ್ ಹಿಡಿದಳೆಂದರೆ ಮುಗಿಯಿತು. ಹಿಂದಿನ ಸೀಟಿನಲ್ಲಿ ಕೂತು ತುಟಿ ಬಿಗಿದುಬಿಡುತ್ತಿದ್ದ. ಏನಾದರೂ ಹೇಳಬೇಕಾದರೆ ಬೆರಳ ಗೆಣ್ಣಿನಿಂದ ಕ್ಯಾರಿಯರ್ ತಟ್ಟುತ್ತಿದ್ದ. ಒಂದು ಸಲ ತಟ್ಟಿದರೆ ನಿಲ್ಲಿಸು. ಎರಡು ಸಲ ತಟ್ಟಿದರೆ ನಿಧಾನ. ಅಷ್ಟೇ!

'ಓಡ್ಸೋದು ನನಗೆ ಬರಲ್ಲ ಅಂತ ಬೇಜಾರಾ? ನನ್ನ ಹಿಂದೆ ಕೂರೋಕೆ ನಾಚಿಕೇನಾ?' ಅಂತ ಅವಳು ಒಳಗೊಳಗೇ ಕೊರಗುತ್ತಿದ್ದಳು.

ಗಾಡಿ ಮಾತ್ರ ಕೈಗೆ ಬರುತ್ತಿತ್ತು. ಆರನೇ ಭಾನುವಾರ ಎರಡನೇ ಗೇರು. ಎಂಟನೇ ಭಾನುವಾರ ಒಂದೇ ಒದೆತಕ್ಕೆ ಸ್ಟಾರ್ಟು! ಅವತ್ತು ಅವಳು ಮೈದಾನದಲ್ಲೇ ಚಪ್ಪಾಳೆ ತಟ್ಟಿ ಕುಣಿದಳು. ಪೆರುಮಾಳ್ ಅವಳನ್ನೇ ನೋಡುತ್ತಾ ನಿಂತಿದ್ದ. ಅವಳು ನೋಡಿದ ಕೂಡಲೇ ಸ್ಪ್ಯಾನರ್ ಹುಡುಕುವವನ ಹಾಗೆ ಬಗ್ಗಿದ.

ಹದಿನೇಳು ವರ್ಷಕ್ಕೆ ಅವಳಿಗೆ ಒಂದು ಸಂಬಂಧ ಗೊತ್ತಾಗಿತ್ತು. ಮದುವೆಗೆ ಎಂಟು ದಿನ ಇರುವಾಗ ಪ್ಲೇಗಿನಲ್ಲಿ ಹುಡುಗ ಹೋದ. ಹುಡುಗಿಯ ಕಾಲ್ಗುಣ ಅಂದರು. ಅಲ್ಲಿಂದಾಚೆಗೆ ಯಾರೂ ಕೇಳಿಕೊಂಡು ಬರಲಿಲ್ಲ, ಅವಳೂ ಕಾಯಲಿಲ್ಲ. ಈಗ ಇಪ್ಪತ್ತೊಂದು ವರ್ಷದ ಮೇಲೆ ಭಾನುವಾರಕ್ಕೆ ಕಾಯುತ್ತಿದ್ದಳು! ಶನಿವಾರವೇ ತಲೆಗೆ ಎರೆದುಕೊಳ್ಳುತ್ತಿದ್ದಳು. ಬಚ್ಚಪ್ಪನಿಗೆ ಎಲ್ಲ ಕಾಣಿಸುತ್ತಿತ್ತು. ಅವನು ಸುಮ್ಮನೆ ಮೀಸೆಯಲ್ಲೇ ನಗುತ್ತಿದ್ದ.

ಹನ್ನೊಂದನೇ ಭಾನುವಾರ, ಬೂದಿಕೋಟೆ ರಸ್ತೆಯಲ್ಲಿ ಗಾಡಿ ಸಲೀಸಾಗಿ ಓಡುತ್ತಿತ್ತು. ಎರಡೂ ಕಡೆ ರಾಗಿ ಹೊಲ, ಮುಖಕ್ಕೆ ಗಾಳಿ. ಅವಳಿಗೆ ಎಲ್ಲಿಲ್ಲದ ಧೈರ್ಯ ಬಂತು. ಮುಖ ನೋಡಿಕೊಂಡು ಕೇಳಲು ಆಗದ್ದನ್ನು ಈಗ ಕೇಳಬಹುದಲ್ಲ!

"ಪೆರುಮಾಳ್ ಅವ್ರೇ... ಒಂದು ಮಾತು. ನನಗೆ ಮೂವತ್ತೆಂಟು. ತಲೇಲಿ ಬಿಳಿ ಕೂದಲು ಬಂದಿದೆ. ನಿಮ್ಮ ಜಾತಿ ಬೇರೆ, ನಮ್ಮ ಜಾತಿ ಬೇರೆ. ಅದೆಲ್ಲ ಗೊತ್ತು. ಆದ್ರೂ... ನಿಮಗೆ ಮನಸ್ಸಿದ್ರೆ... ನಮ್ಮಣ್ಣನ ಹತ್ರ ಬಂದು ಮಾತಾಡ್ತೀರಾ?"

ಕೇಳಿಬಿಟ್ಟಳು! ಕಿವಿಯೆಲ್ಲ ಹಿಂದಕ್ಕೆ ಇಟ್ಟುಕೊಂಡು ಕಾದಳು.

ಹಿಂದಿನ ಸೀಟಿನಲ್ಲಿ ಮಾತಿಲ್ಲ.

ಒಂದು ಫರ್ಲಾಂಗ್ ಹೋಯಿತು. ಎರಡು ಫರ್ಲಾಂಗ್... ಕೆಮ್ಮು ಕೂಡ ಇಲ್ಲ. ಅವಳು ಹಿಂದಕ್ಕೆ ಕಣ್ಣು ಹೊರಳಿಸಿ ನೋಡಿದಳು. ಅವನು ತುಟಿ ಬಿಗಿದುಕೊಂಡು, ಮುಂದಿನ ರಸ್ತೆಯನ್ನೇ ನೋಡುತ್ತಾ ಕಲ್ಲಿನ ಹಾಗೆ ಕೂತಿದ್ದ.

'ಬೇಡ ಅಂತ ಬಾಯಿಬಿಟ್ಟು ಹೇಳೋಕೂ ನಾನು ಲಾಯಕ್ಕಿಲ್ವಾ?'

ಅವಮಾನಕ್ಕೆ ಅವಳ ಕಣ್ಣು ಮಂಜಾಯಿತು. ಗಾಡಿ ನಿಲ್ಲಿಸಿದಳು. ಅವನು ಕೆಳಗಿಳಿದು ನೆಟ್ಟಗೆ ನಿಲ್ಲುವ ಮೊದಲೇ ಮಾತು ಹೊರಬಿತ್ತು.

"ಕಲಿತಿದ್ದು ಸಾಕು. ಇನ್ನು ಮೇಲೆ ನೀವು ಬರಬೇಡಿ."

"ನರ್ಸಮ್ಮ, ನಾನು..."

ಮುಂದಿನದು ಅವಳಿಗೆ ಕೇಳಿಸಲಿಲ್ಲ. ಗೇರು ಹಾಕಿ ಹೊರಟೇಬಿಟ್ಟಳು. ರಸ್ತೆಯಲ್ಲಿ ಅವನೊಬ್ಬನೇ ನಿಂತಿದ್ದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಬರಬೇಡ ಅಂದವಳು ಅವಳೇ, ಸೆರಗು ಕಣ್ಣಿಗೊತ್ತಿಕೊಂಡು ದಾರಿ ಕಾದವಳೂ ಅವಳೇ!

*

ಮೂರನೇ ವಾರದ ಬುಧವಾರ, ಬೆಳಿಗ್ಗೆ ಹತ್ತು ಗಂಟೆ. ಗಂಗರತ್ನಮ್ಮ ಔಷಧಿ ಪಾರ್ಸೆಲ್ ಬಿಡಿಸಿಕೊಳ್ಳಲು ತನ್ನ ಗಾಡಿಯಲ್ಲೇ ಬಂಗಾರಪೇಟೆ ಸ್ಟೇಷನ್ನಿಗೆ ಬಂದಿದ್ದಳು. ಗಣಿ ಕಡೆಯಿಂದ ಬಂದ ಸಣ್ಣ ರೈಲಿನಿಂದ ಇಳಿದವರ ಮುಖಗಳೆಲ್ಲ ಬಿಳುಚಿಕೊಂಡಿದ್ದವು.

"ಒಳಗೆ ಬಂಡೆ ಸಿಡಿದೈತಂತೆ! ನಮ್ಮ ಮನೆ ಪಾತ್ರೆಗಳೆಲ್ಲ ಗಡಗಡ ಅಂದ್ವು."

"ದೊಡ್ಡ ಶಾಫ್ಟಂತೆ. ಬೆಳಗಿನ ಶಿಫ್ಟಿನೋರು ಪೂರಾ ಒಳಗವ್ರಂತೆ!"

ದೊಡ್ಡ ಶಾಫ್ಟು, ಗಣಿಯೊಳಕ್ಕೆ ಇಳಿಯುವ ದೊಡ್ಡ ಬಾವಿ. ಪೆರುಮಾಳನದು ಅದೇ! ಈ ವಾರ ಬೆಳಗಿನ ಶಿಫ್ಟು ಅಂತ ಅವಳೇ ಬೆರಳು ಮಡಿಚಿ ಲೆಕ್ಕ ಹಾಕಿಕೊಂಡಿದ್ದಳು.

ಪಾರ್ಸೆಲ್ ಕೈಯಿಂದ ಜಾರಿತು.

"ಮುಂದಿನ ರೈಲು ಎಷ್ಟೊತ್ತಿಗೆ?"

"ಎರಡು ಗಂಟೆ ಆಗುತ್ತಮ್ಮಾ."

'ಎರಡು ಗಂಟೆ ತನಕ ಕಾಯೋದಾ? ಕಾದು ಕಾದು ಆಮೇಲೆ ಏನು ನೋಡಲಿ ನಾನು?'

ಪಾರ್ಸೆಲ್ ಎತ್ತಿ ಕ್ಯಾರಿಯರಿಗೆ ಕಟ್ಟಿದಳು. ಕಚ್ಚೆ ಬಿಗಿ ಮಾಡಿದಳು. ಹಳ್ಳಿ ರಸ್ತೆ ಬಿಟ್ಟು ಆಚೆ ಓಡಿಸಿದವಳಲ್ಲ. ಕೆ.ಜಿ.ಎಫ್. ರಸ್ತೆಯಲ್ಲಿ ಬಸ್ಸು, ಲಾರಿ, ಏರು, ಇಳಿಜಾರು... ಇರಲಿ! ಒಂದೇ ಒದೆತ. ಗಾಡಿ ಗುಡುಗಿತು.

ಅವತ್ತು ಆ ರಸ್ತೆಯಲ್ಲಿ ಇದ್ದವರು ಆ ನೋಟವನ್ನು ವರ್ಷಗಟ್ಟಲೆ ಹೇಳಿಕೊಂಡರು. ಎದುರಿಗೆ ಮರದ ದಿಮ್ಮಿ ತುಂಬಿದ ಲಾರಿ ಬಂತು, ಅವಳು ಮಣ್ಣಿಗಿಳಿದು ಮತ್ತೆ ರಸ್ತೆಗೆ ಹತ್ತಿದಳು. ಕುರಿ ಮಂದೆ ಅಡ್ಡ ಬಂತು. ಹಾರನ್ನು ಕೆಟ್ಟು ಯಾವ ಕಾಲವಾಗಿತ್ತೋ. "ಸರೀರೀ! ದಾರಿ ಬಿಡ್ರೀ!" ಅಂತ ಅವಳ ಬಾಯೇ ಹಾರನ್ನಾಯಿತು. ಜೀವಮಾನದಲ್ಲಿ ಮೊದಲ ಸಲ ಮೂರನೇ ಗೇರು ಬಿತ್ತು. ಗಾಡಿ ಹಾರಿತು! ಹೆದರಿಕೆ, ಅಳು, ಅದರ ಜೊತೆಗೇ ಮೈಯೆಲ್ಲ ಜುಮ್ಮೆನ್ನುವ ಒಂದು ಉಮೇದು... ಎಲ್ಲ ಒಟ್ಟಿಗೇ.

'ಬಂದೆ... ತಡ ಮಾಡಲ್ಲ... ಇರಿ, ಬಂದೆ!'

ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬಗಳು ಕಂಡವು. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಜನ ಎರಡು ಪಕ್ಕಕ್ಕೂ ಸರಿದು ಬಾಯಿಬಿಟ್ಟು ನೋಡಿದರು. ಅವಳು ಯಾರನ್ನೂ ನೋಡಲಿಲ್ಲ.

ಶಾಫ್ಟಿನ ಮುಂದೆ ಹಗ್ಗ ಕಟ್ಟಿದ್ದರು. ಅದರ ಈಚೆ ಹೆಂಗಸರು ಗುಂಪು ಗುಂಪಾಗಿ ನಿಂತಿದ್ದರು. ಗಂಗರತ್ನಮ್ಮ ಗಾಡಿ ನಿಲ್ಲಿಸಿ, ಎದುರಿಗೆ ಸಿಕ್ಕ ಮುದುಕಿಯ ಕೈ ಹಿಡಿದುಕೊಂಡಳು. ಆಕೆಯ ಹೆಸರು ಕದಿರಮ್ಮ, ಮಗ ಒಳಗಿದ್ದ.

"ಅಮ್ಮಾ... ಪೆರುಮಾಳ್... ಡ್ರೈವರ್ ಪೆರುಮಾಳ್ ಮೇಲೆ ಬಂದ್ರಾ?"

ಮುದುಕಿ ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಪೆರುಮಾಳಾ? ಅವನ್ಯಾಕಮ್ಮಾ ಕೆಳಗೆ ಓಯ್ತಾನೆ? ಎಂಜಿನ್ ಮನೇಲಿ ಕುಂತ್ಕೊಂಡು, ಜನ ನಿಂತ್ಕೊಳ್ಳೋ ಕಬ್ಬಿಣದ ಕೇಜನ್ನ ಅಗ್ಗದಲ್ಲಿ ಇಳಿಸೋನು ಅವನು! ಅದೋ ನೋಡು, ಆ ಕಟ್ಟಡ. ಇದೂ ತಿಳೀದೇನೇ ನಿಂಗೆ?"

ಗಂಗರತ್ನಮ್ಮ ಆ ಕಟ್ಟಡದ ಕಡೆ ತಿರುಗಿ ನೋಡಿದಳು. ನಗು ಬಂತು, ಅಳು ಬಂತು. ಒಂದು ದಿನವೂ ನೆಲದ ಕೆಳಗೆ ಇಳಿಯದ ಮನುಷ್ಯನಿಗಾಗಿ ಇಷ್ಟು ದಿನ ಎದೆ ಬಡಿದುಕೊಂಡಿದ್ದಳಲ್ಲ!

"ಈಗ ನಮ್ಮ ಮಕ್ಕಳೆಲ್ಲ ಅವನ ಕೈಲವ್ರೆ ಕಣಮ್ಮಾ," ಅಂದಳು ಕದಿರಮ್ಮ, ಶಾಫ್ಟಿನ ಕಡೆಗೇ ನೋಡುತ್ತಾ.

ಗಂಗರತ್ನಮ್ಮ ಎಂಜಿನ್ ಮನೆಯ ಕಡೆಗೆ ಓಡಿದಳು. ಬಾಗಿಲಲ್ಲಿ ಕಾವಲುಗಾರ ಸೊಣ್ಣಪ್ಪ ಎರಡೂ ಕೈ ಅಡ್ಡ ಹಿಡಿದ.

"ಕರೀಬೇಡಿ ಅಮ್ಮಾ! ಕಿಟಕೀಲಿ ನೋಡಿ, ಬಾಯಿ ಮಾತ್ರ ಬಿಡಬೇಡಿ."

"ಒಂದೇ ಒಂದು ಮಾತು..."

"ಒಂದು ಅಕ್ಷರಾನೂ ಇಲ್ಲ! ಎಂಜಿನ್ನಿನ ಲಿವರ್ ಹಿಡಿದ ಡ್ರೈವರ್ ಹತ್ರ ಯಾರೂ ಮಾತಾಡಂಗಿಲ್ಲ. ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಒಂದು ಗಳಿಗೆ ಮನಸ್ಸು ಆ ಕಡೆ ಈ ಕಡೆ ಆದ್ರೆ, ಹಗ್ಗದಲ್ಲಿ ನೇತಾಡೋ ಜನ ಹೋದಂಗೇ. ಅವನ ಹೆಂಡ್ತಿ ತೀರಿಕೊಂಡ ಸುದ್ದಿ ಬಂದಾಗ ಶಿಫ್ಟ್ ಮುಗಿಯೋಕೆ ಇನ್ನೂ ಮೂರು ಗಂಟೆ ಇತ್ತಮ್ಮಾ. ನಾನು ಇಲ್ಲೇ ನಿಂತು ಅಳ್ತಿದ್ದೆ, ಒಳಗೆ ಹೋಗಿ ಹೇಳಲಿಲ್ಲ."

ಅವಳು ಕಿಟಕಿಯಲ್ಲಿ ನೋಡಿದಳು.

ಪೆರುಮಾಳ್ ಎತ್ತರದ ಕುರ್ಚಿಯಲ್ಲಿ ಕೂತಿದ್ದ. ಎರಡು ಕೈ ಎರಡು ಲಿವರಿನ ಮೇಲೆ. ಮುಂದೆ ಮನೆಯಷ್ಟು ದೊಡ್ಡ ಚಕ್ರ, ಅದಕ್ಕೆ ಸುತ್ತಿಕೊಳ್ಳುತ್ತಿದ್ದ ಉಕ್ಕಿನ ಹಗ್ಗ. ಗಣಿಯ ಕೆಳಗಿನಿಂದ ಸೂಚನೆಯ ಗಂಟೆ ಬಡಿಯಿತು, ಅವನ ಕೈ ಮೆತ್ತಗೆ ಸರಿಯಿತು. ತುಟಿ ಬಿಗಿದಿತ್ತು. ಕಣ್ಣು ಒಂದೇ ಕಡೆ ನೆಟ್ಟಿತ್ತು.

ಅಯ್ಯೋ... ಅದೇ ಮುಖ!

ಅವಳ ಹಿಂದಿನ ಸೀಟಿನಲ್ಲಿ ಕೂತಾಗಿನ ಅದೇ ಮುಖ! ಅದು ಬೇಜಾರಲ್ಲ, ನಾಚಿಕೆಯಲ್ಲ. ಹ್ಯಾಂಡಲ್ ಹಿಡಿದವಳು ಅವಳು. ಹಿಡಿದವರ ಹತ್ತಿರ ಮಾತಾಡಬಾರದು ಅಂತ ಆ ಮನುಷ್ಯ ಇಪ್ಪತ್ತು ವರ್ಷದಿಂದ ಬದುಕಿದವನು. ಮೈದಾನದಲ್ಲಿ ಎಂಟು ಸುತ್ತು ಸುತ್ತಿದ ಹೆಂಗಸನ್ನು ಅವನು ಮೊದಲನೇ ಪಾಠದಿಂದಲೇ ಡ್ರೈವರ್ ಅಂತ ಒಪ್ಪಿಕೊಂಡಿದ್ದ! ಊರೆಲ್ಲ ನಕ್ಕಾಗ ಅವಳನ್ನು ತನ್ನ ಸಮಕ್ಕೆ ಇಟ್ಟುಕೊಂಡಿದ್ದವನು ಅವನೊಬ್ಬನೇ.

'ಅಂಥವನಿಗೆ ಬರಬೇಡ ಅಂದ್ನಲ್ಲಾ... ಎಂಥಾ ದಡ್ಡಿ ನಾನು!'

ಬಾಯಿಗೆ ಬಂದ ಅವನ ಹೆಸರನ್ನು ಅವಳು ನುಂಗಿಕೊಂಡಳು. ಸದ್ದು ಮಾಡದೆ ಹಿಂದಕ್ಕೆ ಸರಿದಳು.

ಕೇಜು ಮೇಲೆ ಬಂತು. ಬಾಗಿಲು ತೆರೆಯಿತು, ಧೂಳು ಮೆತ್ತಿದ ಗಂಡಸರು ತೂರಾಡುತ್ತಾ ಹೊರಬಂದರು. ಗಂಗರತ್ನಮ್ಮ ಪಾರ್ಸೆಲ್ ಹರಿದು ಹತ್ತಿ, ಟಿಂಕ್ಚರು, ಬ್ಯಾಂಡೇಜು ಹೊರಗೆ ತೆಗೆದಳು. ಹಣೆ ಒಡೆದವರು, ಕೈ ಜಜ್ಜಿದವರು... ಒಬ್ಬರಾದ ಮೇಲೆ ಒಬ್ಬರು. ಕೇಜು ಮತ್ತೆ ಇಳಿಯಿತು, ಮತ್ತೆ ಬಂತು. ಪ್ರತಿ ಸಲವೂ ಅದು ಒಂದು ಚೂರೂ ಅದುರದೆ ಬಂದು ನಿಲ್ಲುತ್ತಿತ್ತು. ಆ ನಿಲ್ಲಿಸುವ ಕೈ ಯಾವುದೆಂದು ಅವಳಿಗೆ ಗೊತ್ತಿತ್ತು. ಒಳಗೆ ಅವನು, ಹೊರಗೆ ಅವಳು, ಮೂರು ಗಂಟೆ ಹೊತ್ತು ಒಂದೇ ಕೆಲಸ ಮಾಡಿದರು. ಅವನಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಕೊನೆಯ ಕೇಜಿನಲ್ಲಿ ಕದಿರಮ್ಮನ ಮಗ ಬಂದ. ಮೇಸ್ತ್ರಿ ಹಾಜರಿ ಕೂಗಿ, ಎಲ್ಲರೂ ಮೇಲೆ ಬಂದಿದ್ದಾರೆ ಅಂದಾಗ ಆ ಗುಂಪಿನಿಂದ ಎದ್ದ ಕೂಗು ಮುಗಿಲು ಮುಟ್ಟಿತು!

*

ಎಂಜಿನ್ ಮನೆಯ ಬಾಗಿಲು ತೆರೆಯಿತು. ಪೆರುಮಾಳ್ ಹೊರಗೆ ಬಂದ. ಷರ್ಟೆಲ್ಲ ಗ್ರೀಸು, ಬೆವರು. ಮೆಟ್ಟಿಲ ಮೇಲೆ ಕೂರಲು ಹೋದವನು ಅವಳನ್ನು ಕಂಡು ಹಾಗೇ ನಿಂತುಬಿಟ್ಟ.

"ನರ್ಸಮ್ಮ...! ನೀವು ಇಲ್ಲಿ ಹೇಗೆ? ರೈಲು ಇಲ್ವಲ್ಲ?"

ಅವಳು ಬೇಲಿಯ ಪಕ್ಕ ನಿಂತಿದ್ದ ಗಾಡಿಗೆ ಬೆರಳು ತೋರಿಸಿದಳು.

"ಬಂಗಾರಪೇಟೆಯಿಂದಾ? ಒಬ್ಬರೇ? ಈ ರಸ್ತೇಲಿ!"

"ನೀವು ಒಳಗೆ ಸಿಕ್ಕಿಹಾಕ್ಕೊಂಡಿದೀರಿ ಅಂದ್ಕೊಂಡೆ..." ಅಷ್ಟೇ ಹೇಳಲಾಯಿತು. ಮೂರು ಗಂಟೆ ತಡೆದುಕೊಂಡಿದ್ದ ಅಳು ಒಮ್ಮೆಲೇ ನುಗ್ಗಿತು. "ಯಾಕ್ರೀ ಬರಲಿಲ್ಲ ನೀವು? ಎರಡು ಭಾನುವಾರ! ಯಾಕೆ ಬರಲಿಲ್ಲ?"

"ನೀವೇ ಬರಬೇಡಿ ಅಂದ್ರಲ್ಲಮ್ಮಾ," ಅಂದ ಅವನು, ಕಂಗಾಲಾಗಿ. "ನಿಲ್ಸು ಅಂತ ಗಂಟೆ ಬಿದ್ರೆ ನಿಲ್ಸೋದು ನನ್ನ ಕೆಲಸ. ಯಾಕೆ ಅಂತ ಕೇಳಿ ಅಭ್ಯಾಸ ಇಲ್ಲ."

"ಹೆಂಗಸು ಕೋಪದಲ್ಲಿ ಅಂದದ್ದಕ್ಕೂ ಗಂಟೆಗೂ ವ್ಯತ್ಯಾಸ ಇಲ್ವಾ?"

"ಈಗ ತಿಳೀತು."

ಅವಳು ಅಳುವಿನ ಮಧ್ಯೆಯೇ ನಕ್ಕಳು. ಅವನು ಎರಡು ಮೆಟ್ಟಿಲು ಇಳಿದು ಹತ್ತಿರ ಬಂದ.

"ಅವತ್ತು ನೀವು ಕೇಳಿದ್ದು ನನಗೆ ಕೇಳಿಸ್ತು. ಒಂದೊಂದು ಅಕ್ಷರಾನೂ ಕೇಳಿಸ್ತು. ಎದೆ ಒಡೆದು ಹೋಗುತ್ತೇನೋ ಅಷ್ಟು ಸಂತೋಷ ಆಯ್ತು. ಹೂಂ ಅಂತ ಕೂಗಿಬಿಡೋಣ ಅನ್ನಿಸ್ತು... ನಿಮ್ಮ ಕೈ ಹ್ಯಾಂಡಲ್ ಮೇಲಿತ್ತು. ಕೂಗಿ, ನೀವು ಬೆಚ್ಚಿ, ಬಿದ್ದುಗಿದ್ದರೆ? ನಿಲ್ಸಲಿ, ಇಳಿಯಲಿ, ಆಮೇಲೆ ಹೇಳೋಣ ಅಂತ ಕಾದೆ. ನೀವು ನಿಲ್ಸಿದ್ರಿ, ಬೈದ್ರಿ, ಹೊರಟೇಹೋದ್ರಿ! ಮನಸ್ಸು ಬದಲಾಯ್ಸಿಕೊಂಡ್ರು ಅಂದ್ಕೊಂಡೆ."

"ಈಗ ನನ್ನ ಕೈಲಿ ಹ್ಯಾಂಡಲ್ ಇಲ್ಲ," ಅಂದಳು ಅವಳು, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.

ಅವನು ಗ್ರೀಸಿನ ಕೈಯನ್ನು ಷರ್ಟಿಗೆ ಒರೆಸಿಕೊಂಡ. ಸುತ್ತಲೂ ಜನ ಇದ್ದರು. ಸೊಣ್ಣಪ್ಪ ನೋಡುತ್ತಿದ್ದ. ಕದಿರಮ್ಮ ಮಗನನ್ನು ತಬ್ಬಿಕೊಂಡೇ ಇತ್ತ ನೋಡುತ್ತಿದ್ದಳು. ಯಾರನ್ನೂ ಲೆಕ್ಕಿಸದೆ ಅವನು ಅವಳ ಎರಡೂ ಕೈ ಹಿಡಿದುಕೊಂಡ.

"ನೀನು ನನಗೆ ಬೇಕು ರತ್ನಾ. ನಲವತ್ತಾರು ಆಯ್ತು ನನಗೆ. ಉಳಿದಿರೋದನ್ನ ನಿನ್ನ ಜೊತೆ ಕಳೀಬೇಕು. ಭಾನುವಾರ ಬೂದಿಕೋಟೆಗೆ ಬಂದು ನಿಮ್ಮಣ್ಣನ್ನ ಕೇಳ್ತೀನಿ."

ಮೊದಲ ಸಲ ರತ್ನಾ ಅಂದಿದ್ದ! ಮೊದಲ ಸಲ ನೀನು ಅಂದಿದ್ದ! ಅವಳ ಕಿವಿ ಕೆಂಪಾಯಿತು. ಆದರೂ ತಲೆ ಅಡ್ಡಡ್ಡ ಆಡಿಸಿದಳು.

"ಭಾನುವಾರ ಬೇಡ."

ಅವನ ಮುಖ ಸಣ್ಣದಾಯಿತು. "ಮತ್ತೆ?"

"ಇಪ್ಪತ್ತೊಂದು ವರ್ಷ ಆಯ್ತು ರೀ. ಇನ್ನು ನಾಲ್ಕು ದಿನ ಕಾಯೋ ಶಕ್ತಿ ನನಗಿಲ್ಲ. ಈಗ್ಲೇ ನಡೀರಿ, ನಮ್ಮಣ್ಣ ಹೊಲದಲ್ಲೇ ಇರ್ತಾನೆ."

"ಈ ಬಟ್ಟೇಲಾ? ಮೈಯೆಲ್ಲ ಗ್ರೀಸು... ಹೆಣ್ಣು ಕೇಳೋಕೆ ಹಿಂಗೆ ಹೋಗ್ತಾರಾ?"

"ಹೂಂ, ಈ ಬಟ್ಟೇಲೇ," ಅಂದಳು ಗಂಗರತ್ನಮ್ಮ. ಸೆರಗಿನ ತುದಿಯಿಂದ ಅವನ ಹಣೆಯ ಬೆವರು ಒರೆಸಿದಳು. "ನಾನು ಒಪ್ಪಿಕೊಂಡಿರೋದು ಈ ಬಟ್ಟೆಯವರನ್ನೇ."